ಅಪ್ಪನನ್ನು ಹುಡುಕಿಕೊಟ್ಟ ಟೆಲಿಫೋನ್ ಅಜ್ಜಿ

ಮೊಮ್ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ನಮ್ಮ ಮನೆ ಇದ್ದದ್ದು ಬೆಂಗಳೂರಿನಲ್ಲೂ ಅಲ್ಲ, ಸ್ವೀಡನ್ನಿನ ಈ ಸೊಲ್ಲೆಂಟುನಾದಲ್ಲೂ ಅಲ್ಲ. ಆಸ್ಟ್ರೇಲಿಯಾದ ಒಂದು ಪುಟ್ಟ ಊರಿನಲ್ಲಿ. ಗೋಧಿ ಸಾಗಿಸಲು ರೈಲು ಬಂತು, ರೈಲು ನಿಂತ ಕಡೆ ಊರು ಹುಟ್ಟಿತು ಎಂದು ಅಲ್ಲಿನ ಹಿರಿಯರು ಹೇಳುತ್ತಿದ್ದರು. ಇದ್ದದ್ದು ಒಂದೇ ದೊಡ್ಡ ಬೀದಿ. ಹಿಂದೆ ಎತ್ತಿನ ಗಾಡಿಗಳ ಸಾಲು ತಿರುಗಿಕೊಳ್ಳಲೆಂದು ಅದನ್ನು ಮೈದಾನದಷ್ಟು ಅಗಲ ಮಾಡಿದ್ದರಂತೆ. ನಾವು ಹೋಗುವ ಹೊತ್ತಿಗೆ ಎತ್ತುಗಳಿರಲಿಲ್ಲ, ಕೆಂಪು ಧೂಳಿತ್ತು. ಅದು ಅಮ್ಮ ಕಲಸಿದ ಮೊಸರನ್ನದಲ್ಲೂ ಸೇರಿ ಹಲ್ಲಿಗೆ ಕರಕರ ಅನ್ನುತ್ತಿತ್ತು.

ಅಪ್ಪ ಆ ಊರಿನ ಒಬ್ಬರೇ ಡಾಕ್ಟರು. ಸೀರೆ ಉಡುವವಳು ಅಮ್ಮ ಒಬ್ಬಳೇ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಮ್ಮ ಗೋಡೆಯ ಮೇಲೆ ಮರದ ಪೆಟ್ಟಿಗೆಯಂಥ ಫೋನ್ ಇತ್ತು. ಅದರ ಹಿಡಿಯನ್ನು ಗಿರಗಿರ ತಿರುಗಿಸಿದರೆ ಪೋಸ್ಟ್ ಆಫೀಸಿನಲ್ಲಿ ಕೂತ ಒಬ್ಬ ಅಜ್ಜಿ ಮಾತಾಡುತ್ತಿದ್ದರು. ಯಾರು ಬೇಕೆಂದು ಹೇಳಿದರೆ ಅವರ ಮನೆಗೆ ತಂತಿ ಸಿಕ್ಕಿಸಿಕೊಡುತ್ತಿದ್ದರು.

ಒಂದು ಬೇಸಗೆಯ ಮಧ್ಯಾಹ್ನ, ಹಿತ್ತಲಿಗೆ ಸೌದೆ ತರಲು ಹೋದ ಅಕ್ಕ ಕಿರುಚಿಕೊಂಡಳು. ಓಡಿಹೋಗಿ ನೋಡಿದರೆ ಕಂದು ಬಣ್ಣದ ಹಾವೊಂದು ಸೌದೆಯ ಸಂದಿಯೊಳಗೆ ಸರಿಯುತ್ತಿತ್ತು. ಅಕ್ಕನ ಪಾದದ ಮೇಲೆ ಎರಡು ರಕ್ತದ ಚುಕ್ಕಿ. ಅಮ್ಮ ಸೆರಗು ಹರಿದು ಕಾಲಿಗೆ ಬಿಗಿದಳು. ಅಪ್ಪ ಯಾವುದೋ ಹೊಲದ ಮನೆಗೆ ರೋಗಿಯನ್ನು ನೋಡಲು ಹೋಗಿದ್ದರು. ಎಲ್ಲಿಗೆಂದು ನಮಗೆ ಗೊತ್ತಿರಲಿಲ್ಲ.

“ಫೋನ್ ಮಾಡೋ! ನನಗೆ ಅವರ ಮಾತು ಬರಲ್ಲ, ನೀನೇ ಹೇಳು!” ಎಂದಳು ಅಮ್ಮ.

ಸ್ಟೂಲ್ ಹತ್ತಿ ಹಿಡಿ ತಿರುಗಿಸಿದೆ. ಕಲಿತ ಇಂಗ್ಲಿಷೆಲ್ಲ ಮರೆತುಹೋಗಿ “ಅಕ್ಕ... ಅಕ್ಕ...” ಎಂದು ಅತ್ತುಬಿಟ್ಟೆ.

“ಡಾಕ್ಟರ ಮಗ ಅಲ್ವಾ? ಹೆದರಬೇಡ ಮರಿ. ಒಂದೇ ಒಂದು ಪದ ಹೇಳು,” ಎಂದರು ಅಜ್ಜಿ.

“ಸ್ನೇಕ್” ಎಂದೆ.

ಅಷ್ಟೇ ಸಾಕಾಯಿತು. ಅವರು ಮೊದಲು ನಮ್ಮ ಮನೆಯೆದುರಿನ ಮಾಂಸದಂಗಡಿಯವನನ್ನು ಕಳಿಸಿದರು. ಅವನ ಅಂಗಡಿಯತ್ತ ಮುಖ ಕೂಡ ತಿರುಗಿಸದಿದ್ದ ಅಮ್ಮ, ರಕ್ತದ ಕಲೆಯ ಬಟ್ಟೆಯಲ್ಲೇ ಓಡಿಬಂದ ಅವನ ತೋಳಿಗೆ ಅಕ್ಕನನ್ನು ಒಪ್ಪಿಸಿ ಕೈಮುಗಿದಳು. ಅವನು ತನ್ನ ವ್ಯಾನಿನಲ್ಲೇ ನಮ್ಮನ್ನು ಆಸ್ಪತ್ರೆಗೆ ಸೇರಿಸಿದ. ಅತ್ತ ಅಜ್ಜಿ ಒಂದೊಂದೇ ಹೊಲದ ಮನೆಗೆ ಫೋನ್ ಮಾಡಿ, “ಡಾಕ್ಟರ ಕಾರು ಕಂಡಿತಾ?” ಎಂದು ವಿಚಾರಿಸಿದರಂತೆ. ನಾಲ್ಕನೆಯ ಮನೆಯವರು ಈಗಷ್ಟೇ ಹೊರಟರು ಎಂದರು. ಕೂಡಲೇ ಅಜ್ಜಿ ಆ ದಾರಿಯ ಮುಂದಿನ ಮನೆಗೆ ಹೇಳಿದರು. ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದ ಆ ಮನೆಯಾಕೆ ಹಿಟ್ಟಿನ ಕೈಯಲ್ಲೇ ನಡುರಸ್ತೆಗೆ ಓಡಿ ಕಾರನ್ನು ತಡೆದರಂತೆ.

ಅಪ್ಪ ಬಂದು ಇಂಜೆಕ್ಷನ್ ಕೊಟ್ಟರು. ರಾತ್ರಿಯಿಡೀ ಅಕ್ಕನ ಮಂಚದ ಪಕ್ಕದಲ್ಲೇ ಕೂತರು. ಮರುದಿನ ಬೆಳಿಗ್ಗೆ ಅಕ್ಕ ಕಣ್ಣುಬಿಟ್ಟು, “ಹಸಿವು” ಎಂದಳು. ಆ ವಾರ ಅಮ್ಮ ಹೋಳಿಗೆ ಮಾಡಿ ಆ ಮೂವರಿಗೂ ಹೊತ್ತೊಯ್ದು ಕೊಟ್ಟಳು. ಪೋಸ್ಟ್ ಆಫೀಸಿನಲ್ಲಿ ಅಜ್ಜಿಯ ಕೈಯನ್ನು ಕಣ್ಣಿಗೊತ್ತಿಕೊಂಡಳು.

ನಿಮಗೆ ಈಗ ಅಷ್ಟೆಲ್ಲ ಹುಡುಕಾಟ ಬೇಕಿಲ್ಲ. ನಿಮ್ಮ ಅಪ್ಪ ರೈಲಿನಲ್ಲಿ ಎಲ್ಲಿದ್ದಾನೆ ಎಂದು ಫೋನಿನ ನಕ್ಷೆಯೇ ತೋರಿಸುತ್ತದೆ. ಅದು ಒಳ್ಳೆಯದೇ. ಆದರೆ ಹೋದ ವಾರ ಹಿಮದ ಮೇಲೆ ನಾನು ಜಾರಿ ಬಿದ್ದೆನಲ್ಲ, ಮಗುವನ್ನು ಡಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಬಿಡಲು ಹೊರಟಿದ್ದ ಒಬ್ಬ ಹೆಂಗಸು ತನ್ನ ಬಸ್ಸು ಬಿಟ್ಟು ನನ್ನ ತೋಳು ಹಿಡಿದು ಮನೆ ಬಾಗಿಲವರೆಗೂ ಬಂದಳು. ನೀವು ಬೆಳೆಯುತ್ತಿರುವ ಊರಿನಲ್ಲೂ ಇಂಥವರಿದ್ದಾರೆ ಎಂದು ತಿಳಿದು, ಮೊಣಕಾಲಿನ ನೋವಿನಲ್ಲೂ ನನಗೆ ಆ ದಿನ ತುಂಬ ಚೆನ್ನಾಗಿ ನಿದ್ದೆ ಬಂತು.