ಅಮಾವಾಸ್ಯೆಯ ದಿನ ನಿಂತ ತೊಟ್ಟಿಲು

ತೊಟ್ಟಿಲು ಅವತ್ತು ತಿರುಗಲಿಲ್ಲ. ಅದು ಹಳೆಯದು, ತುಕ್ಕು ಹಿಡಿದದ್ದು, ಬಣ್ಣ ಹೋದದ್ದು, ಎಲ್ಲ ಖರೆ. ಆದರೆ ತಿರುಗದೆ ನಿಂತದ್ದು ಅದಕ್ಕಲ್ಲ. ನಾನು ಅಮಾವಾಸ್ಯೆ ನೋಡಿ ಹೊರಟದ್ದಕ್ಕೆ. ಆದದ್ದು ಇಷ್ಟು. ನಾನು ಮೂರನೇ ತರಗತಿಯ ತನಕ ಓದಿದವಳು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಕಂಡದ್ದನ್ನು ಬರೆಯುತ್ತೇನೆ.

ತೊಟ್ಟಿಲು ಎಂದರೆ ಕೂಸಿನದಲ್ಲ. ಸಿಂಧನೂರು ದಾಟಿ ಜವಳಗೇರಾ ಕಡೆ ಹೋಗುವಾಗ ಕಾಲುವೆಯ ಪಕ್ಕ ಒಂದು ಆಟದ ತೋಟ ಇದೆ. ನೀರಿನ ಜಾರುಬಂಡಿ, ಪುಟ್ಟ ರೈಲು, ಸಿಮೆಂಟಿನ ಆನೆ ಒಂಟೆ. ನಡುವೆ ಆಕಾಶಕ್ಕೆ ನಿಂತ ದೊಡ್ಡ ತೊಟ್ಟಿಲು. ನಮ್ಮ ಕಡೆಯ ಮಂದಿ ಅದನ್ನು ತೊಟ್ಟಿಲ ತೋಟ ಎಂದೇ ಕರೆಯುತ್ತಾರೆ.

ನನ್ನ ಮೊಮ್ಮಗಳು ರೇಣುಕಾ ಒಂಬತ್ತನೇ ತರಗತಿ ಓದುತ್ತಾಳೆ. ಹೆತ್ತವಳನ್ನು ಅವ್ವ ಎನ್ನುತ್ತಾಳೆ, ನನ್ನನ್ನು ಅಮ್ಮ ಎನ್ನುತ್ತಾಳೆ. ಸಣ್ಣವಳಿದ್ದಾಗ ಶಾಲೆಯವರು ಆ ತೋಟಕ್ಕೆ ಕರೆದುಕೊಂಡು ಹೋಗಿದ್ದರು. ತೊಟ್ಟಿಲ ಮುಂದೆ ಕೈ ಚಾಚಿದ ಜೋಕರನ ಚಿತ್ರ ಇದೆ. ಆ ಕೈಗಿಂತ ಗಿಡ್ಡ ಇದ್ದವರನ್ನು ಹತ್ತಿಸುವುದಿಲ್ಲ. ಈಕೆಯನ್ನು ಕಟ್ಟೆಯ ಮೇಲೆ ಕೂಡಿಸಿ ಉಳಿದವರು ಹತ್ತಿದರು. ಇಳಿದು ಬಂದವರು, ಮೇಲಿನಿಂದ ನಮ್ಮ ಮಸ್ಕಿ ಗುಡ್ಡ ಕಾಣುತ್ತದೆ ಎಂದರು. ಅವತ್ತಿನಿಂದ ಆ ಗುಡ್ಡ ಇವಳ ತಲೆಯೊಳಗೆ ಕೂತಿದೆ. ದಿನಾ ಬಸ್ಸಿನ ಕಿಟಕಿಯಿಂದ ಕಾಣುವ ಗುಡ್ಡವನ್ನು ಮೇಲೆ ಹತ್ತಿ ನೋಡಬೇಕಂತೆ. ಮುಂದೆ ಹೋದಾಗ ಮತ್ತೆ ಗಿಡ್ಡ ಆದಳು. ಎತ್ತರ ಆದ ಮೇಲೆ ಹೋದರೆ ರಿಪೇರಿ ಎಂದು ಹಗ್ಗ ಕಟ್ಟಿದ್ದರು. ಈ ಸಲ ಅವಳ ಫೋನಿನಲ್ಲಿ ಸುದ್ದಿ ಬಂತು: ತೊಟ್ಟಿಲನ್ನು ಬಿಚ್ಚಿ ಗುಜರಿಗೆ ಹಾಕುತ್ತಾರೆ, ಆ ಜಾಗದಲ್ಲಿ ತಲೆಕೆಳಗೆ ತಿರುಗುವ ಹೊಸ ಆಟ ಬರುತ್ತದೆ.

"ಅಮ್ಮ, ಐತವಾರ ಹೋಗೂಣು," ಎಂದಳು.

"ಐತವಾರ ಹತ್ತಿ ಬಿಡಸೋದು ನಿಂದ್ರತೈತೇನು? ಅಮಾಸಿ ದಿನ ಹೋಗೂಣು. ಅವತ್ತ ಯಾರೂ ಹೊಲಕ್ಕ ಕರಿಯಂಗಿಲ್ಲ."

"ಅವತ್ತ ನನಗ ಸಾಲಿ ಐತಿ."

"ನೀ ಒಂದಿನ ಹೋಗಲಿಲ್ಲ ಅಂದ್ರ ಸಾಲಿ ಬೀಳಂಗಿಲ್ಲ."

ಛಟ್ಟಿ ಅಮಾವಾಸ್ಯೆಯ ದಿನ ಪಾಮನಕಲ್ಲೂರಿನಿಂದ ಮುಂಜಾನೆಯ ಬಸ್ಸು ಹಿಡಿದೆವು. ಹೆಂಗಸರಿಗೆ ಬಸ್ಸು ಪುಕ್ಕಟೆ. ಆಧಾರ ಕಾರ್ಡು ತೋರಿಸಿದರೆ ಕಂಡಕ್ಟರು ಬರಿಯ ಚೀಟಿ ಹರಿದು ಕೊಡುತ್ತಾನೆ. ಚಳಿ ಇತ್ತು. ಕಿಟಕಿಯ ಗಾಜು ಏರುತ್ತಿರಲಿಲ್ಲ, ಸೆರಗಿನಿಂದ ಕಿವಿ ಮುಚ್ಚಿಕೊಂಡು ಕೂತೆ. ಎರಡೂ ಕಡೆ ಕರಿ ಎರೆ ಭೂಮಿ, ಅದರ ಮೇಲೆ ಬಿಡಿಸದ ಹತ್ತಿ. ಹೊಲದಲ್ಲಿ ಒಬ್ಬರೂ ಇರಲಿಲ್ಲ. ದಿನಾ ಅದರೊಳಗೆ ಬಗ್ಗಿ ನಿಲ್ಲುವವಳಿಗೆ ಅದು ಹೊಲದಂತೆ ಕಾಣಲೇ ಇಲ್ಲ. ಆಕಾಶದ ಮೋಡ ರಾತ್ರಿ ಇಳಿದು ಬಂದು ಅಲ್ಲೇ ಮಲಗಿ ಇನ್ನೂ ಎದ್ದಿಲ್ಲ ಎನ್ನುವ ಹಾಗೆ ಇತ್ತು. ನನಗೆ ನಿದ್ದೆ ಬಂತು. ನಿದ್ದೆಯಲ್ಲೂ ಬಸ್ಸು ಓಡುತ್ತಿತ್ತು, ಹತ್ತಿ ಮುಗಿಯುತ್ತಿರಲಿಲ್ಲ.

ಮಸ್ಕಿಯಲ್ಲಿ ಇಳಿದು ಮಂಡಾಳ ಒಗ್ಗರಣಿ, ಮಿರ್ಚಿ ತಿಂದೆವು. ಮಿರ್ಚಿ ಬಿಸಿ ಇತ್ತು, ಚಹಾ ನೀರು. ರೇಣುಕಾ ಗುಡ್ಡದ ಕಡೆ ನೋಡುತ್ತ ನಿಂತಿದ್ದಳು. "ಅದನ್ನ ನೋಡಾಕಂತನ ಅಷ್ಟು ದೂರ ಹೋಗಾಕತ್ತೀವಿ, ಈಗ್ಯಾಕ ನೋಡ್ತೀ?" ಎಂದೆ. ಅವಳು ನಗಲಿಲ್ಲ.

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಬಂತು. ನಮ್ಮ ಮುಂದಿನ ಸೀಟಿನಲ್ಲಿ ಒಬ್ಬ ಗಂಡಸು ಬಾಳೆಲೆಯಲ್ಲಿ ಸುತ್ತಿದ ಚೆಂಡುಹೂವಿನ ಹಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನೆರೆಗೂದಲು, ಒಗೆದ ಬಿಳಿ ಅಂಗಿ.

"ಯಾವ ದೇವರಿಗೆ ಹೊಂಟೀರಿ?" ಎಂದು ಕೇಳಿದೆ.

"ದೇವರಿಗಲ್ಲ ಯಮ್ಮಾ, ತೊಟ್ಟಿಲಿಗೆ. ನಾಳೆ ಬಿಚ್ಚಾಕ ಬರ್ತಾರಂತ. ಒಂದ್ ಹಾರ ಹಾಕಿ ಬರೂಣಂತ ಹೊಂಟೀನಿ."

ನಾಳೆ ಎಂದ ಕೂಡಲೆ ರೇಣುಕಾ ನನ್ನ ಕೈ ಹಿಡಿದಳು. ಅವಳಿಗೆ ಗೊತ್ತಿದ್ದದ್ದು ತಿಂಗಳ ಕೊನೆಗೆ ಎಂದು.

ಆತನ ಹೆಸರು ಸಿದ್ದಪ್ಪ, ಮುದಗಲ್ಲಿನಲ್ಲಿ ಬಳೆ ಅಂಗಡಿ. ಮದುವೆಯಾದ ವರ್ಷ ಹೆಂಡತಿಯನ್ನು ಈ ತೋಟಕ್ಕೆ ಕರೆದುಕೊಂಡು ಬಂದವನು ಆಮೇಲೆ ಒಂದು ವರ್ಷವೂ ತಪ್ಪಿಸಿಲ್ಲ. ಅಂಥವರದೇ ಒಂದು ಗುಂಪು ಫೋನಿನಲ್ಲಿ ಇದೆಯಂತೆ. ಮುರಿದದ್ದರ, ಹರಿದದ್ದರ ಫೋಟೋ ತೆಗೆದು ಮಾಲೀಕನಿಗೆ ಕಳಿಸುವುದೇ ಅವರ ಕೆಲಸ.

"ಆನಿ ಸೊಂಡಿ ಮುರಿದು ಎಷ್ಟು ವರ್ಷಾತು ಗೊತ್ತೇನ್ರಿ? ರೈಲಿಗೆ ಒಂದ ಡಬ್ಬಿ ಉಳದೈತಿ. 'ಹೊಸ ಆಟ ಬರತಾವ' ಅಂತ ಬೋರ್ಡ್ ಹಾಕಿದ್ರು. ಆಟ ಬರ್ಲಿಲ್ಲ, ಬೋರ್ಡ್ ಹಳೇದಾತು. ರೊಕ್ಕ ಮಾತ್ರ ವರ್ಷಾ ಏರಸ್ತಾರ."

"ಮತ್ತ ಹೊಸಾದು ತರಾಕತ್ತಾರಲ್ಲ. ಬೇಡಿದವರು ನೀವ."

"ಹೊಸಾದು ಬೇಡಿದ್ವಿ ಯಮ್ಮಾ," ಎಂದ ಸಿದ್ದಪ್ಪ. "ಇದನ್ನ ತಗೀರಿ ಅಂದಿದ್ದಿಲ್ಲ."

ನಾನು ಕಿಟಕಿಯ ಹೊರಗೆ ನೋಡಿದೆ. ಕರಿ ನೆಲ ಎಲ್ಲಿ ಮುಗಿಯಿತೋ ತಿಳಿಯಲಿಲ್ಲ. ಕಾಲುವೆ ಬಂತು, ಭತ್ತ ಬಂತು, ನೀರಿನಲ್ಲಿ ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. ಕೊಯ್ದ ಗದ್ದೆಗಳಲ್ಲಿ ಹುಲ್ಲಿನ ಹೊಗೆ ನೆಲ ಬಿಟ್ಟು ಏಳದೆ ಹರಿದಾಡುತ್ತಿತ್ತು.

ಸಿಂಧನೂರಿನಲ್ಲಿ ಇಳಿದು ಟಂಟಂ ಆಟೋ ಹತ್ತಿದೆವು. ಅದು ಪುಕ್ಕಟೆ ಅಲ್ಲ, ಸಿದ್ದಪ್ಪ ಚೌಕಾಶಿ ಮಾಡಿದ. ಊರು ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಹೊಗೆಯ ಮೇಲೆ ತೊಟ್ಟಿಲು ಕಂಡಿತು. ಕೆಳಗೆ ಕಂಬ ಇಲ್ಲ, ನೆಲ ಇಲ್ಲ, ಬರಿಯ ಚಕ್ರ. ಯಾರೋ ಆಕಾಶಕ್ಕೆ ಒರಗಿಸಿಟ್ಟು ಮರೆತುಹೋದ ಬಂಡಿಗಾಲಿಯ ಹಾಗೆ ಇತ್ತು. ರೇಣುಕಾ ಟಂಟಮ್ಮಿನ ಕಂಬಿ ಹಿಡಿದು ಅರ್ಧ ಹೊರಗೇ ಇದ್ದಳು. ಒಳಗೆ ಜಗ್ಗಿ ಕೂಡಿಸಿದೆ.

ತಲೆಗೆ ನೂರು ರೂಪಾಯಿ ಕೊಟ್ಟು ಒಳಗೆ ಹೋದೆವು. ಮಂದಿ ಇರಲಿಲ್ಲ. ಗಿಡಕ್ಕೆ ಕಟ್ಟಿದ ಸ್ಪೀಕರಿನಲ್ಲಿ ಹಾಡು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿತ್ತು. ಆನೆಗೆ ಸೊಂಡಿಲು ಇಲ್ಲದ್ದು ಖರೆ. ಮುರಿದ ಜಾಗದಲ್ಲಿ ಗುಬ್ಬಿ ಗೂಡು ಕಟ್ಟಿದೆ. ನೀರಿಲ್ಲದ ಕೊಳದಲ್ಲಿ ನೀಲಿ ಬಣ್ಣದ ಮೇಲೆ ಒಣ ಎಲೆಗಳು ಅತ್ತ ಇತ್ತ ಹರಿಯುತ್ತಿದ್ದವು, ನೀರಿದ್ದರೆ ಅಲೆ ಹೇಗೆ ಹೋಗುತ್ತಿತ್ತೋ ಹಾಗೆ. ನಾನು ಅದನ್ನೇ ನೋಡುತ್ತ ಬಹಳ ಹೊತ್ತು ನಿಂತೆನಂತೆ. ರೇಣುಕಾ ಬಂದು ಜಗ್ಗಿದಳು.

ಜೋಕರನ ಮುಖ ಅಳಿಸಿಹೋಗಿತ್ತು, ಚಾಚಿದ ಕೈ ಮಾತ್ರ ಉಳಿದಿತ್ತು. ಅವಳು ಅದರ ಕೆಳಗೆ ನಿಂತಳು. ಕೈ ಅವಳ ಭುಜದ ಹತ್ತಿರ ಬಂತು.

ತೊಟ್ಟಿಲಿನ ಕಂಬಗಳನ್ನು ತೊಳೆದಿದ್ದರು. ವಿಭೂತಿಯ ಪಟ್ಟೆ, ಕುಂಕುಮ, ಮೋಟಾರಿನ ಮುಂದೆ ನಿಂಬೆಹಣ್ಣು. ಅದನ್ನು ಓಡಿಸುವ ಯಂಕಪ್ಪ ಎನ್ನುವವನು ಪಕ್ಕದಲ್ಲಿ ಕೂತು ತೆಂಗಿನಕಾಯಿ ಒಡೆಯುತ್ತಿದ್ದ. ಕಾಲುವೆಯ ಕಡೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನವನು, ಮಾತಿನಲ್ಲಿ ಅರ್ಧ ತೆಲುಗು.

"ಹತ್ತಬೇಕ್ರಿ," ಎಂದಳು ರೇಣುಕಾ.

"ಇವತ್ತು ಲೇದು ತಲ್ಲಿ. ಅಮಾಸಿ. ಇದಕ್ಕ ರಜಾ."

"ಮಿಷನ್ನಿಗೆ ಎಂಥಾ ಅಮಾಸಿರೀ?"

"ಎತ್ತಿಗೆ ಐತಲ್ಲ, ಹಂಗ. ಇಪ್ಪತ್ತು ವರ್ಷ ದುಡದೈತಿ, ಒಂದ ಅಮಾಸಿ ನೊಗ ಹಾಕಿಲ್ಲ ನಾನು. ಅದಕ್ಕ ಇಲ್ಲೀತನಕ ಒಬ್ಬರನ್ನೂ ಕೆಡವಿಲ್ಲ. ಕಡೀ ಅಮಾಸಿ ಹೆಂಗ ತಪ್ಪಸ್ಲಿ?"

ರೇಣುಕಾ ನನ್ನ ಕಡೆ ತಿರುಗಿದಳು. "ನಿನ್ನ ಅಮಾಸಿನ ಇಲ್ಲೂ ಐತಿ ನೋಡಮ್ಮ. ಐತವಾರ ಬಂದಿದ್ರ ಇಷ್ಟೊತ್ತಿಗೆ ಮ್ಯಾಲಿರ್ತಿದ್ದೆ."

ನಮ್ಮ ಮನೆಯಲ್ಲಿ ಅಮಾವಾಸ್ಯೆಯ ದಿನ ನನ್ನ ಗಂಡ ಎತ್ತು ಕಟ್ಟಿ ಗಳೆ ಹೂಡಲು ಹೋದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದವಳು ನಾನೇ. ಯಂಕಪ್ಪನಿಗೆ ಬಯ್ಯಲು ಬಾಯಿ ಬರಲಿಲ್ಲ. ರೊಕ್ಕ ಹೆಚ್ಚು ಕೊಡುತ್ತೇನೆ ಎಂದು ಸಿದ್ದಪ್ಪ ಹೇಳಿ ನೋಡಿದ. ಯಂಕಪ್ಪ ಅವನ ಕೈಗೆ ಕೊಬ್ಬರಿಯ ಚೂರು ಇಟ್ಟ.

ಹಾರ ಹಾಕಲು ಸಿದ್ದಪ್ಪನಿಗೆ ಕೈ ಎಟುಕಲಿಲ್ಲ. ಮಂದಿ ಕೂಡುವ ಡಬ್ಬಿಗಳಲ್ಲಿ ಕೆಳಗಿನದರ ಬಾಗಿಲಿಗೆ ಕಟ್ಟಿದ. ಆಮೇಲೆ ಮೂವರೂ ಬೇವಿನ ಗಿಡದ ಕೆಳಗೆ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಿಚ್ಚಿದೆವು. ಹೊರಗಿನ ಊಟ ತರಬಾರದು ಎಂದು ಬೋರ್ಡು ಇತ್ತು, ಓದಲು ಬರದವಳ ಹಾಗೆ ಕೂತೆ. ರೇಣುಕಾ ಉಣ್ಣಲಿಲ್ಲ. ತೊಟ್ಟಿಲ ನೆರಳು ಮೆಲ್ಲಗೆ ನಮ್ಮ ಬುತ್ತಿಯ ಮೇಲೆ ಹಾದುಹೋಯಿತು, ನಿಂತ ಚಕ್ರ ನೆಲದ ಮೇಲಾದರೂ ತಿರುಗಲಿ ಎನ್ನುವ ಹಾಗೆ.

ಸಂಜೆಯ ಬಸ್ಸಿಗೆ ಸಿದ್ದಪ್ಪ ಎದ್ದ. "ಬಿಚ್ಚೋದನ್ನ ನೋಡಾಕ ನಾ ಇರಂಗಿಲ್ಲ. ಎಲ್ಲೆರ ನೀವು ಕೂತ್ರ, ನನ್ನ ಹೆಸರ್ಲೆ ಒಂದ್ ಸುತ್ತು ಹೆಚ್ಚಿಗಿ ಕೂಡ್ರಿ," ಎಂದ. ಕೂಡುವುದಿಲ್ಲ ಎಂದು ಗೊತ್ತಿದ್ದೂ ಹೇಳುವ ಮಾತು ಅದು.

ಅವನು ಹೋದ ಮೇಲೆ ನಾನು ಯಂಕಪ್ಪನ ಹತ್ತಿರ ಹೋದೆ. "ನಾಳೆ ಬಿಚ್ಚವರು ಎಷ್ಟೊತ್ತಿಗೆ ಬರ್ತಾರ?"

"ಬಿಸಿಲೇರಿದ ಮ್ಯಾಲ ಬರ್ತಾರ. ಅಮಾಸಿ ಮರದಿನ ನಸಿಕ್ಲೆ ನಾ ಒಂದ್ ಸಲ ಖಾಲಿ ತಿರುಗಸ್ತೀನಿ, ಮೈ ಬಿಡ್ಲಿ ಅಂತ. ನಾಳೇನೂ ತಿರುಗಸ್ತೀನಿ. ರೂಢಿ ಆಗೈತಿ."

"ಮಂದೀನ ಕೂಡಸ್ತೀಯೇನು?"

"ಖಾಲಿ ಅಂದೆನಲ್ಲಮ್ಮ."

ಜವಳಗೇರಾದಲ್ಲಿ ನನ್ನ ಕಿರಿಮಗಳು ಈರಮ್ಮನ ಮನೆ. ಅಲ್ಲಿ ಉಳಿದೆವು. ಮರುದಿನ ಮೊದಲ ಬಸ್ಸಿಗೆ ಊರು ಸೇರಿ ನಾನು ಹತ್ತಿಗೆ ಹೋಗಬೇಕಿತ್ತು, ಬರುತ್ತೇನೆ ಎಂದು ಹೊಲದವರಿಗೆ ಮಾತು ಕೊಟ್ಟಿದ್ದೆ. ರೇಣುಕಾ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. "ಏನಾಗೈತಿ ಇಕೀಗೆ?" ಎಂದು ಈರಮ್ಮ ಕೇಳಿದಳು. "ಎತ್ತರ ಆಗ್ಯಾಳ," ಎಂದೆ.

ಮುಂಜಾನೆ ಮಂಜಿನಲ್ಲಿ ಬಸ್ಸು ಬಂತು, ನಾನು ಕೈ ಮಾಡಲಿಲ್ಲ. ಅದು ಹೋಯಿತು. ಭತ್ತದ ಹೊಟ್ಟು ಒಯ್ಯುವ ಟ್ರ್ಯಾಕ್ಟರಿಗೆ ಕೈ ಮಾಡಿದೆ. ಹೊಟ್ಟಿನ ಚೀಲಗಳ ಮೇಲೆ ಕೂತು ತೋಟಕ್ಕೆ ಬಂದೆವು. ದಾರಿ, ಕಾಲುವೆ, ಗದ್ದೆ ಎಲ್ಲ ಮಂಜಿನೊಳಗೆ ಕರಗಿದ್ದವು. ಟ್ರ್ಯಾಕ್ಟರಿನ ಶಬ್ದ ಇಲ್ಲದಿದ್ದರೆ ನಾವು ಇದ್ದೇವೋ ಇಲ್ಲವೋ ಎನ್ನುವ ಹಾಗೆ.

ಯಂಕಪ್ಪ ನಮ್ಮನ್ನು ನೋಡಿ ತಲೆ ತುರಿಸಿಕೊಂಡ. "ಖಾಲಿ ಅಂದಿದ್ದೆ."

"ಎತ್ತು ಮಾರೂ ಮುಂಚೆ ಕೂಸನ್ನ ಅದರ ಮ್ಯಾಲ ಒಮ್ಮಿ ಕೂಡಸ್ತಾರ," ಎಂದೆ. "ನೀ ಎತ್ತು ಅಂದಿ, ಅದಕ್ಕ ಬಂದೀನಿ."

ಅವನು ಮೋಟಾರಿನ ಮುಂದಿನ ನಿಂಬೆಹಣ್ಣು ತೆಗೆದು ಪಕ್ಕಕ್ಕಿಟ್ಟ. ಅಷ್ಟೊತ್ತಿಗೆ ಮಂಜು ನೆಲಕ್ಕೆ ಇಳಿದು ಮೇಲೆ ಆಕಾಶ ತಿಳಿಯಾಗುತ್ತಿತ್ತು. ಆಮೇಲೆ ಸಿದ್ದಪ್ಪನ ಹಾರ ಇದ್ದ ಡಬ್ಬಿಯ ಬಾಗಿಲು ತೆಗೆದು ರೇಣುಕಾಳನ್ನು ಕೂಡಿಸಿದ. "ಒಂದ ಕಡೆ ಭಾರ ಆದ್ರ ಹಳೇ ಮೋಟರ್ ಜಗ್ಗಂಗಿಲ್ಲ. ಎದುರಿನ ಡಬ್ಬ್ಯಾಗ ನೀ ಕೂಡಬೇಕಮ್ಮ."

"ನಾನಾ? ನಾ ನೆಲದ ಮ್ಯಾಲ ಇರಾಕ ಹುಟ್ಟಿದಾಕಿ."

"ಹಂಗಾದ್ರ ಇಕೀನೂ ಇಳಿಬೇಕು."

ರೇಣುಕಾ ಕಂಬಿ ಗಟ್ಟಿಯಾಗಿ ಹಿಡಿದು ನನ್ನನ್ನೇ ನೋಡಿದಳು.

ಅವನು ಕೈಯಿಂದ ಚಕ್ರ ತಳ್ಳಿ ಅವಳ ಡಬ್ಬಿಯನ್ನು ಮೇಲಕ್ಕೆ ಕಳಿಸಿದ. ಎದುರಿನದು ನನ್ನ ಮುಂದೆ ಇಳಿದು ಬಂತು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕೂತೆ. ಮೋಟಾರು ಕೆಮ್ಮಿತು, ಕಂಬಗಳು ನರಳಿದವು, ನೆಲ ಕಾಲಿನಿಂದ ಬಿಟ್ಟುಹೋಯಿತು. ನಾನು ಕಣ್ಣು ಮುಚ್ಚಿದೆ. ಗಾಳಿ ತಣ್ಣಗೆ ಬಂತು, ಎಷ್ಟು ಸುತ್ತಾಯಿತೋ ತಿಳಿಯಲಿಲ್ಲ. ನಾನು ಏರುವಾಗ ಅವಳು ಇಳಿಯುತ್ತಿದ್ದಳು. ನಡುವೆ ಇಬ್ಬರೂ ಒಂದೇ ಎತ್ತರಕ್ಕೆ ಬಂದಾಗ ಅವಳ ಕೂಗು ಆ ಬದಿಯಿಂದ ತೇಲಿ ಬಂತು.

"ಅಮ್ಮ, ಗುಡ್ಡ ಕಂಡ್ತೇನು?"

"ಇನ್ನೂ ನೋಡಿಲ್ಲ ಬೇ, ತಡಿ," ಎಂದೆ. "ಯಂಕಪ್ಪಾ, ಮುದಗಲ್ಲಿನ ಸಿದ್ದಪ್ಪಂದು ಒಂದ್ ಸುತ್ತು ಐತಿ, ನಿಂದ್ರಸಬ್ಯಾಡ."

ಆ ಸುತ್ತಿನಲ್ಲಿ, ಡಬ್ಬಿ ಎಲ್ಲಕ್ಕಿಂತ ಮೇಲೆ ಹೋಗಿ ಒಂದು ಗಳಿಗೆ ತೂಗಿದಾಗ, ನಾನು ಕಣ್ಣು ತೆರೆದೆ.