ಗುಂಡಿ ಪಟ್ಟಿ ಮತ್ತು ರೊಟ್ಟಿಯ ಸಪ್ಪಳ

ನಿನ್ನೆ ರೊಟ್ಟಿ ಬುಟ್ಟಿ ತೊಳೆಯೋಣವೆಂದು ಬೋರಲು ಹಾಕಿದೆ. ತಳದಿಂದ ಒಂದು ಕಾಗದ ಬಿತ್ತು. ನಾಲ್ಕು ಮಡಿಕೆಯದು, ಬಿಸಿ ರೊಟ್ಟಿಗಳ ಬೆವರು ಕುಡಿದು ಕುಡಿದು ಮೆತ್ತಗಾದದ್ದು. ಬಿಚ್ಚಿದರೆ ನಮ್ಮ ಓಣಿಯ ಗಟಾರದ ನಕಾಶೆ. ಕೆಂಪು ಬಣ್ಣದಲ್ಲಿ ಮನೆಗಳು, ನೀಲಿ ಬಣ್ಣದಲ್ಲಿ ಪೈಪು, ಓಣಿಯ ತುದಿಗೆ ಹಸಿರು ಬಣ್ಣದ ದೊಡ್ಡ ಚೌಕ. ಹಸಿರು ಎಂದು ತೋಟ ಅಂದುಕೊಳ್ಳಬೇಡಿ. ಅದೇ ಗುಂಡಿ.

ಸೊಸೆ ಸವಿತಾ ಇಣುಕಿ ನೋಡಿ ಮೂಗು ಮುಚ್ಚಿಕೊಂಡಳು. ಕಾಗದಕ್ಕೆ ಯಾವ ವಾಸನೆಯೂ ಇರಲಿಲ್ಲ. ಈಗಿನ ಹುಡುಗಿಯರಿಗೆ ಚಿತ್ರ ಕಂಡರೂ ನಾರುತ್ತದೆ.

"ಅತ್ತಿ, ಉಣ್ಣೂ ಬುಟ್ಟ್ಯಾಗ ಇದನ್ನ ಯಾಕ ಇಟ್ಟೀರಿ? ಒಗೀರಿ ಅತ್ತಾಗ."

"ಒಗಿಯೂದಿಲ್ಲ. ಅದರ ಜಾಗಾ ಅದ. ನೀ ಹೋಗು, ನಿನ್ನ ಅಂಗನವಾಡಿ ಬಾಗಲಾ ತಗಿ."

ಅದರ ಜಾಗ ಅದೇ ಯಾಕೆ ಎಂದು ನಿಮಗಾದರೂ ಹೇಳುತ್ತೇನೆ, ಕೂತುಕೊಳ್ಳಿ. ಊಟದ ಹೊತ್ತಾಗಿದ್ದರೆ ಮೊದಲು ಉಂಡು ಬನ್ನಿ. ಮಾತು ಗುಂಡಿಯದು.

ಇಳಕಲ್ಲಿನ ನಮ್ಮ ಓಣಿ ಹದಿನಾಲ್ಕು ಮನೆಗಳದು. ಊರಿನ ಒಳಚರಂಡಿಯ ದೊಡ್ಡ ಪೈಪು ಮೇಲಿನ ರಸ್ತೆಯವರೆಗೆ ಬಂದು ನಿಂತುಬಿಟ್ಟಿತು. ನಮ್ಮ ಓಣಿ ರಸ್ತೆಗಿಂತ ತಗ್ಗಿನಲ್ಲಿದೆ. ಅಳೆಯಲು ಬಂದ ಎಂಜಿನಿಯರು, "ಅಮ್ಮಾರ, ನಿಮ್ಮ ನೀರು ಏರು ಹತ್ತೂದಿಲ್ಲರಿ" ಎಂದು ಹೇಳಿ ಚಹಾ ಕುಡಿದು ಹೋದ. ಅಷ್ಟು ಹೇಳುವುದಕ್ಕೆ ಅವನು ಹದಿನಾರು ವರ್ಷ ಸಾಲಿ ಕಲಿತಿದ್ದನಂತೆ. ನಾನು ಮೂರನೇ ಇಯತ್ತೆ. ಆ ಮಾತು ನನಗೂ ಗೊತ್ತಿತ್ತು.

ಹೀಗಾಗಿ ಓಣಿಯವರೇ ಕೂಡಿ ಮನೆಗಳ ಹಿತ್ತಲಿನಿಂದ ಒಂದು ಪೈಪು ಹಾಕಿಸಿ, ತುದಿಯಲ್ಲಿ ದೊಡ್ಡ ಗುಂಡಿ ಕಟ್ಟಿಸಿದೆವು. ತುಂಬಿದಾಗ ಹೀರುವ ಗಾಡಿಯನ್ನು ಕರೆಸಬೇಕು. ಗಾಡಿಗೆಂದು ತಿಂಗಳಿಗೆ ಇಷ್ಟು ಎಂದು ಎತ್ತುವುದೇ ಗುಂಡಿ ಪಟ್ಟಿ. ಅದರ ಕಾರಭಾರ ಶಿವಪುತ್ರಪ್ಪ ಮಾಸ್ತರರದು. ಅವರು ಸಾಲಿಯಲ್ಲಿ ಚಿತ್ರ ಕಲಿಸಿ ನಿವೃತ್ತರಾದವರು. ಕೈ ಸುಮ್ಮನಿರುತ್ತಿರಲಿಲ್ಲ. ಎಲ್ಲರ ಮನೆಗೆ ನಕಾಶೆಯ ಜೆರಾಕ್ಸ್ ಹಂಚಿ, ಬಣ್ಣದ್ದೊಂದನ್ನು ಮಾತ್ರ ತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದರು. ಅದರಲ್ಲಿ ಹೊಲಸು ಹರಿಯುವ ದಿಕ್ಕಿಗೆ ಬಾಣ ಬೇರೆ. ಬಾಣದ ತುದಿಗೆ ಒಂದೊಂದು ಗರಿ. ಅಷ್ಟು ಚೆಂದ ನನ್ನ ಮದುವೆಯ ಕರೆಯೋಲೆಯೂ ಇರಲಿಲ್ಲ.

ಮೊದಲು ಪಟ್ಟಿ ಮನೆಗೆ ಸಮನಾಗಿತ್ತು. ಇಬ್ಬರೇ ಇದ್ದ ಮನೆಯವರು ತಕರಾರು ತೆಗೆದರು: "ಒಂಬತ್ತು ಮಂದಿ ಇದ್ದ ಮನಿಗೂ ಇಷ್ಟ, ನಮಗೂ ಇಷ್ಟ, ಇದ್ಯಾವ ನ್ಯಾಯ?" ಮಾಸ್ತರರು ನ್ಯಾಯವಂತರು. ಮಂದಿಯ ಲೆಕ್ಕದಲ್ಲಿ ಪಟ್ಟಿ ಹಾಕಿದರು. ಮರುದಿನದಿಂದ ಓಣಿಯಲ್ಲಿ ಮಂದಿ ಕರಗತೊಡಗಿದರು. ಒಬ್ಬರ ಮಗ ಹುನಗುಂದದಲ್ಲೇ ಇರುತ್ತಾನಂತೆ. ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದವನು ಯಾರೋ ಗೊತ್ತಿಲ್ಲ. ಇನ್ನೊಬ್ಬರು ಹೆತ್ತ ತಾಯಿಯನ್ನೇ ಬರೆಸಲಿಲ್ಲ. "ಆಕಿ ಏನ್ ಉಣ್ಣತಾಳ್ರಿ, ಬರೇ ಗಂಜಿ" ಎಂದರು. ಆ ಮುದುಕಿ ಒಳಗಿನಿಂದ, "ಯಾವ ಭಾಡ್ಯಾ ಅಂದವ? ನಿನ್ನೆ ನಾಕ್ ರೊಟ್ಟಿ ತಿಂದೇನಿ!" ಎಂದು ಕೂಗಿದಳು. ಮಂದಿ ಅರ್ಧಕ್ಕೆ ಇಳಿದರು. ಗುಂಡಿ ಮಾತ್ರ ಮೊದಲಿನ ಹಾಗೆಯೇ ತುಂಬುತ್ತಿತ್ತು.

ಆಗ ಸಭೆಯಲ್ಲಿ ನಾನು ಬಾಯಿ ಬಿಟ್ಟೆ. ಬಿಡಬಾರದಿತ್ತು.

"ಮಾಸ್ತರ, ಮಂದೀನ ಎಣಸಬ್ಯಾಡ್ರಿ. ಮಂದಿ ಸುಳ್ಳು ಹೇಳತಾರ. ರೊಟ್ಟಿ ಎಣಸ್ರಿ. ಒಳಗ ಹೋದದ್ದ ಹೊರಗ ಬರತೈತಿ."

"ಹೆಂಗ ಎಣಸೂದ್ರಿ ಅಕ್ಕಾರ? ಮಂದಿ ಅಡಗಿ ಮನಿ ಹೊಕ್ಕು ನೋಡಾಕ ಆಗತೈತೇನು?"

"ನೋಡೂದ ಯಾಕ? ಕೇಳಿದರ ಸಾಕು."

ಇದು ನಿಮಗೆ ಸೋಜಿಗವೆನಿಸಬಹುದು. ನಾನು ನಲವತ್ತು ವರ್ಷ ಕುಣಿ ಮಗ್ಗದಲ್ಲಿ ಕಾಲಿಟ್ಟು ಕೂತು ಸೀರೆ ನೇಯ್ದವಳು. ನೇಕಾರರ ಓಣಿಯಲ್ಲಿ ಕಣ್ಣು ಎಳೆಯ ಮೇಲೆ, ಕಿವಿ ಓಣಿಯ ಮೇಲೆ. ಯಾರ ಮಗ್ಗ ನಿಂತಿತು, ಯಾರದು ಎಳೆ ಕಡಿಯಿತು ಎಂದು ಕೂತಲ್ಲೇ ಗೊತ್ತಾಗುತ್ತದೆ. ರೊಟ್ಟಿ ಬಡಿಯುವ ಸಪ್ಪಳ ಅದಕ್ಕಿಂತ ಸುಲಭ. ಪಟಪಟ ಶುರುವಾಗುತ್ತದೆ, ರೊಟ್ಟಿ ಅಗಲವಾದಂತೆ ಸಪ್ಪಳ ತೆಳುವಾಗುತ್ತದೆ, ಆಮೇಲೆ ಒಂದು ಸುಮ್ಮನಿರುವಿಕೆ. ಅಂದರೆ ರೊಟ್ಟಿ ಹಂಚಿನ ಮೇಲೆ ಬಿತ್ತು. ಒಂದು ಸುಮ್ಮನಿರುವಿಕೆಗೆ ಒಂದು ರೊಟ್ಟಿ. ಒಂದು ಹೊಟ್ಟೆಗೆ ದಿನಕ್ಕೆ ನಾಲ್ಕು. ಮಾಸ್ತರರಿಗೆ ಇದು ಎಷ್ಟು ಹಿಡಿಸಿತೆಂದರೆ, ಅಲ್ಲೇ ನನ್ನನ್ನು ಗುಂಡಿಯ ಉಸ್ತುವಾರಿ ಮಾಡಿದರು. ನನ್ನ ವಂಶದಲ್ಲಿ ಹುದ್ದೆ ಹಿಡಿದವಳು ನಾನೇ ಮೊದಲು.

ಬೆಳಗ್ಗೆ ಮಗ್ಗಗಳು ಶುರುವಾಗುವ ಮೊದಲು ಎದ್ದು, ಕೈಯಲ್ಲಿ ಹುಣಸೆ ಬೀಜ ಹಿಡಿದುಕೊಂಡು ಓಣಿ ಸುತ್ತುತ್ತಿದ್ದೆ. ಒಂದು ರೊಟ್ಟಿಗೆ ಒಂದು ಬೀಜ ಎಡಗೈಯಿಂದ ಬಲಗೈಗೆ. ಮೊದಲ ತಿಂಗಳು ಕರಗಿದ ಮಂದಿಯೆಲ್ಲ ತಿರುಗಿ ಹುಟ್ಟಿ ಬಂದರು. ಎರಡನೇ ತಿಂಗಳು ಓಣಿ ಶಾಣ್ಯಾ ಆಯಿತು. ನಾನು ಬಂದೆನೆಂದರೆ ಒಂದು ಮನೆಯಲ್ಲಿ ರೇಡಿಯೋ ಜೋರಾಗುತ್ತಿತ್ತು. ಇನ್ನೊಂದು ಮನೆಯವರು ಚಪಾತಿಗೆ ಬಿದ್ದರು, ಯಾಕೆಂದರೆ ಲಟ್ಟಣಿಗೆ ಸಪ್ಪಳ ಮಾಡುವುದಿಲ್ಲ. ಮತ್ತೊಬ್ಬ ಸೊಸೆ ಜೋಳದ ರೊಟ್ಟಿಯನ್ನೇ ಲಟ್ಟಿಸಲು ಹೋಗಿ ಅದು ಚೂರುಚೂರಾಗಿ, ಅವಳ ಗಂಡ ಮೂರು ದಿನ ನುಚ್ಚು ಉಂಡ ಹಾಗೆ ರೊಟ್ಟಿ ಉಂಡ. ಬರಬರುತ್ತ ಓಣಿಯೆಲ್ಲ ತಣ್ಣಗಾಯಿತು. ನಾನು ಮಂದಿ ಮಿತವಾಗಿ ಉಣ್ಣಲು ಕಲಿತರೆಂದು ಹಿಗ್ಗಿದೆ. ನಮ್ಮ ಮನೆಯಲ್ಲೂ ಸಪ್ಪಳ ಕಡಿಮೆ. "ನಮ್ಮ ಸವಿತಾ ಎಂಟ ರೊಟ್ಟ್ಯಾಗ ಮನಿ ತೂಗಸತಾಳ" ಎಂದು ಸಭೆಯಲ್ಲಿ ಮೆರೆದೆ. ಉಣ್ಣುವಾಗ ಬುಟ್ಟಿಯಲ್ಲಿ ಇಪ್ಪತ್ತು ಇರುತ್ತಿದ್ದವು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊರಗಿನದನ್ನು ಎಣಿಸುವವರಿಗೆ ಮನೆಯ ಬುಟ್ಟಿ ಕಾಣುವುದಿಲ್ಲ.

ಒಂದು ಮನೆ ಮಾತ್ರ ತಣ್ಣಗಾಗಲಿಲ್ಲ. ಮಾಬೂಬಿಯದು. ಅವಳ ಗಂಡ ತೀರಿ ವರ್ಷಗಳಾಗಿದ್ದವು. ಮಗ ಗ್ರಾನೈಟ್ ಕಲ್ಲಿಗೆ ಪಾಲಿಶ್ ಹಚ್ಚುವ ಕೆಲಸದಲ್ಲಿದ್ದ. ಮಗಳು ಶಬಾನಾ ಕಲಾದಗಿಯಿಂದ ಹೆರಿಗೆಗೆ ಬಂದಿದ್ದಳು. ಮೂರು ಮಂದಿ. ಸಪ್ಪಳ ಕೇಳಿದರೆ ನಲವತ್ತು ರೊಟ್ಟಿ. ಮುಂದಿನ ವಾರ ಅರವತ್ತು. ಬೀಜ ಸಾಲದೆ ಕಲ್ಲು ಆರಿಸಿಕೊಂಡೆ.

ಸಭೆಯಲ್ಲಿ ಕೇಳಿದೆ: "ಮಾಬೂಬಿ, ಮೂರು ಮಂದಿಗೆ ಅರವತ್ತು ರೊಟ್ಟಿ ಏನ್ ಮಾಡತೀ? ಗ್ವಾಡಿಗೆ ಮೆತ್ತತೀಯೇನು?"

"ಮಗಳು ಎರಡು ಜೀವದಾಕಿ ಅಕ್ಕಾ. ಹಸಿವು ಭಾಳ."

"ಎರಡು ಜೀವಕ್ಕ ಎಂಟು ಹಿಡಿ. ಉಳದದ್ದು? ಯಾರನ್ನ ಒಳಗ ಬಚ್ಚಿಟ್ಟೀ?"

ಅವಳು ಸುತ್ತಲೂ ಒಮ್ಮೆ ನೋಡಿದಳು. ಬಾಗಿಲಲ್ಲಿ ನಿಂತ ಹೆಂಗಸರೆಲ್ಲ ನೆಲ ನೋಡಿದರು. ನಾನು ಅದನ್ನು ಅವಳ ಮೇಲಿನ ಹೇಸಿಕೆ ಎಂದು ತಿಳಿದೆ.

"ಮೂರು ಮಂದಿದ ಪಟ್ಟಿ ಕೊಡತೇನಿ ಅಕ್ಕಾ. ಹದಿನೈದು ಮಂದಿದ ಕೊಡೂದಿಲ್ಲ. ಯಾಕ ಅಂತ ಹೇಳೂದೂ ಇಲ್ಲ. ಮಾತು ಕೊಟ್ಟೇನಿ."

ಮೂರು ತಿಂಗಳು ಪೂರ್ತಿ ಪಟ್ಟಿ ಕೊಡದವರ ಪೈಪಿನ ಬಾಯಿಗೆ ಇಟ್ಟಂಗಿ ಕಟ್ಟುವುದು ಮಾಸ್ತರರ ಕಾನೂನು. ಸಭೆಯಲ್ಲಿ ಕೈ ಎತ್ತಿ ಎಲ್ಲರೂ ಒಪ್ಪಿದ್ದರು. ಮೂರನೇ ತಿಂಗಳು ಮುಗಿದ ಮರುದಿನ ಮಾಸ್ತರರು ಗೌಂಡಿಯನ್ನು ಕರೆದುಕೊಂಡು ಹಿತ್ತಲಿಗೆ ಬಂದರು. ಗೌಂಡಿ ಸಿಮೆಂಟು ಕಲಸುತ್ತಿದ್ದ. ಶಬಾನಾಗೆ ಇಂದೋ ನಾಳೆಯೋ ಎಂಬ ಹಾಗೆ ದಿನ ತುಂಬಿದ್ದವು. ಪೈಪು ಕಟ್ಟಿದರೆ ಆ ಹೊಟ್ಟೆ ಹೊತ್ತುಕೊಂಡು ಹುಡುಗಿ ಹಳ್ಳದ ಕಡೆಗೆ ನಡೆಯಬೇಕಿತ್ತು. ಅವಳು ಹಿತ್ತಲ ಬಾಗಿಲಿಗೆ ಆತು ನಿಂತು ಸಿಮೆಂಟನ್ನೇ ನೋಡುತ್ತಿದ್ದಳು. ನನಗೆ ಕರುಣೆ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಬಂದದ್ದು ಸಿಟ್ಟು. ಹುಡುಗಿಯನ್ನು ಈ ಗತಿಗೆ ತಂದರೂ ಬಾಯಿ ಬಿಡುವುದಿಲ್ಲವಲ್ಲ ಈ ಮಾಬೂಬಿ, ಎಷ್ಟು ಸೊಕ್ಕು ಎಂದು.

"ತಡೀರಿ ಮಾಸ್ತರ. ಒಳಗಿನ ಮಂದೀನ ಎಣಿಸಿ ಬರತೇನಿ. ಆಮ್ಯಾಲ ಹಚ್ಚರಿ ನಿಮ್ಮ ಇಟ್ಟಂಗಿ" ಎಂದು ಅವಳ ಅಡಿಗೆ ಮನೆಗೆ ನುಗ್ಗಿದೆ.

ಒಳಗೆ ಒಲೆಯ ಮುಂದೆ ಕೂತ ಮಾಬೂಬಿಯನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಒಲೆ ಉರಿಯುತ್ತಿತ್ತು. ಗೋಡೆಗುಂಟ ಸಾಲಾಗಿ ಆರು ಗಂಟುಗಳು. ಬಿಸಿ ರೊಟ್ಟಿಯ ಗಂಟುಗಳು. ಮೊದಲನೆಯದನ್ನು ಸುತ್ತಿದ ಬಟ್ಟೆ ಹಳೆಯ ಸೀರೆಯ ತುಂಡು. ಅದರ ದಡಿಯಲ್ಲಿ ಒಂದು ಎಳೆ ತಪ್ಪಿತ್ತು. ಹಿರಿ ಮೊಮ್ಮಗ ಹುಟ್ಟಿದ ದಿನ, ಗಡಿಬಿಡಿಯಲ್ಲಿ ನನ್ನ ಕೈಯೇ ತಪ್ಪಿಸಿದ ಎಳೆ ಅದು. ಮಾರಲಾಗದೆ ಮನೆಯಲ್ಲಿ ಉಟ್ಟು, ಹರಿದ ಮೇಲೆ ರೊಟ್ಟಿ ಸುತ್ತಲು ಇಟ್ಟ ಸೀರೆ. ಮನುಷ್ಯ ತನ್ನ ಮಕ್ಕಳ ಗುರುತು ಮರೆತಾನು, ತನ್ನ ಮಗ್ಗದ ತಪ್ಪು ಮರೆಯುವುದಿಲ್ಲ.

ಆಗ ತಿಳಿಯಿತು. ನನ್ನ ಕಿವಿಗೆ ಹೆದರಿ ಓಣಿಯ ಹೆಂಗಸರು ಬಡಿಯುವುದನ್ನೇ ಬಿಟ್ಟು ಇವಳಿಂದ ರೊಟ್ಟಿ ಕೊಳ್ಳುತ್ತಿದ್ದರು. ನಾನು ಮನೆಗಳ ಮುಂದೆ ಬೀಜ ಎಣಿಸುವಾಗ ಇವು ಹಿತ್ತಲಿನಿಂದ, ಪೈಪು ಹೋದ ದಾರಿಯಲ್ಲೇ, ಮಾಸ್ತರರ ಬಾಣಕ್ಕೆ ಎದುರಾಗಿ ಹೋಗುತ್ತಿದ್ದವು. ಅವರು ಉಂಡದ್ದನ್ನು ಇವಳ ಹೆಸರಿಗೆ ಹಚ್ಚಿದವಳು ನಾನು. ನನ್ನ ಮನೆ ಉಂಡದ್ದನ್ನೂ ಸೇರಿಸಿ.

"ಮೊದಲ ಬಾಯಿ ಬಿಡಾಕ ಏನಾಗಿತ್ತ ನಿನಗ?" ಎಂದೆ.

"ಎಲ್ಲಾರೂ ಉಸ್ತುವಾರಿ ಅಕ್ಕಗ ಹೇಳಬ್ಯಾಡ ಅಂದಿದ್ರು" ಎಂದಳು ಮಾಬೂಬಿ, ಹಂಚಿನ ಮೇಲಿನ ರೊಟ್ಟಿ ಹೊರಳಿಸುತ್ತ. "ನಿಮ್ಮ ಸವಿತಾ ಹೆಚ್ಚಿಗಿ ಹೇಳಿದ್ಲು."

ಉಳಿದ ಗಂಟುಗಳನ್ನು ನೋಡಿದೆ. ಕಡೆಯದಕ್ಕೆ ಬಟ್ಟೆ ಇರಲಿಲ್ಲ. ದಪ್ಪ ಚಿತ್ರದ ಹಾಳೆಯಲ್ಲಿ ಸುತ್ತಿತ್ತು. ಕೆಂಪು ಮನೆ, ನೀಲಿ ಪೈಪು, ಗರಿ ಇದ್ದ ಬಾಣ. ಮಾಸ್ತರರು ಹದಿನೈದು ದಿನಗಳಿಂದ, "ಬಣ್ಣದ ನಕಾಶೆ ಕಳುವಾಗೈತಿ, ಇದು ವಿರೋಧಿಗಳ ಕೆಲಸ" ಎಂದು ಹುಡುಕುತ್ತಿದ್ದರು. ವಿರೋಧಿ ಅವರ ಮನೆಯಲ್ಲೇ ಅಡಿಗೆ ಮಾಡಿಕೊಂಡಿದ್ದಳು.

ಆ ಗಂಟಿನ ರೊಟ್ಟಿಯನ್ನು ಮಾಬೂಬಿಯ ಬುಟ್ಟಿಗೆ ಹಾಕಿ, ನಕಾಶೆ ಮಡಚಿ ನಡುವಿಗೆ ಸಿಕ್ಕಿಸಿಕೊಂಡೆ. ನನ್ನ ಮನೆಯ ಗಂಟು ಎತ್ತಿಕೊಂಡು ಹಿತ್ತಲಿಗೆ ಬಂದೆ. ಅಷ್ಟು ಹೊತ್ತಿಗೆ ಓಣಿಯೆಲ್ಲ ಅಲ್ಲಿ ನೆರೆದಿತ್ತು.

"ಎಷ್ಟು ಮಂದಿ ಅದಾರ್ರಿ ಅಕ್ಕಾರ?" ಮಾಸ್ತರರು ಪೆನ್ನು ತೆಗೆದರು.

"ಮೂರು. ನನ್ನ ಎಣಿಕಿ ತಪ್ಪೇತಿ. ಈ ಗಂಟು ನಮ್ಮನಿದು. ಮೂರು ತಿಂಗಳಿಂದ ಈಕಿ ರೊಟ್ಟಿ ತಿಂದು ಈಕಿಗೆ ಪಟ್ಟಿ ಹಾಕೇನಿ. ಒಳಗ ಇನ್ನೂ ಐದು ಗಂಟು ಅದಾವ. ಯಾರವು ಅಂತ ನಾ ಹೇಳೂದಿಲ್ಲ, ಅವರವರ ಹೊಟ್ಟಿಗೆ ಗೊತ್ತೈತಿ. ಇಟ್ಟಂಗಿ ಇಡೂದಾದ್ರ ನಮ್ಮ ಪೈಪಿಗೆ ಇಡ್ರಿ ಮೊದಲ."

ಸವಿತಾ ಸೆರಗು ಬಾಯಿಗಿಟ್ಟುಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಇವತ್ತಿಗೂ ಹೇಳಿಲ್ಲ. ಮಾಸ್ತರರು ಮಾತ್ರ ಬಿಡಲಿಲ್ಲ.

"ಕಾನೂನು ಕಾನೂನರಿ. ಪಟ್ಟಿ ಬಾಕಿ ಐತಿ. ಆ ಐದು ಮನಿ ಹೆಸರು ಹೇಳ್ರಿ, ಅವರ ಪೈಪಿಗೂ ಇಟ್ಟಂಗಿ ಇಡಸತೇನಿ!"

ನಾನು ಹತ್ತಿರ ಹೋಗಿ, ಅವರೊಬ್ಬರಿಗೇ ಕಾಣುವ ಹಾಗೆ, ನಡುವಿನಿಂದ ನಕಾಶೆಯ ಒಂದು ಮೂಲೆ ಎಳೆದು ತೋರಿಸಿದೆ. ಹಸಿರು ಮೂಲೆ. ಮಾಸ್ತರರು ನೋಡಿದರು. ನೆರೆದವರ ಹಿಂದೆ ನಿಂತ ತಮ್ಮ ಹೆಂಡತಿಯನ್ನು ನೋಡಿದರು. ಆಕೆ ಆಕಾಶ ನೋಡಿದರು.

"ಗೌಂಡಿ," ಎಂದರು ಮಾಸ್ತರರು, "ಆ ಸಿಮಿಟಿ ತಗೊಂಡ ಹೋಗಿ ನಮ್ಮ ಕಟ್ಟಿ ಬಿರುಕಿಗೆ ಮೆತ್ತು."

ಅವತ್ತಿನಿಂದ ಪಟ್ಟಿ ಮತ್ತೆ ಮನೆಗೆ ಸಮನಾಯಿತು. ತಕರಾರು ಈಗಲೂ ಇದೆ, ಇರಲಿ; ಗುಂಡಿಗೆ ಯಾರ ಹೆಸರೂ ಗೊತ್ತಿಲ್ಲ. ಮೂರನೇ ದಿನ ಶಬಾನಾಗೆ ಗಂಡು ಮಗು ಹುಟ್ಟಿತು. ಓಣಿಯಲ್ಲಿ ಒಂದು ಹೊಟ್ಟೆ ಹೆಚ್ಚಾಯಿತು, ಯಾರೂ ಬರೆದುಕೊಳ್ಳಲಿಲ್ಲ. ಮಾಸ್ತರರು ಈಗ ಬಾಗಲಕೋಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಅಲ್ಲಿ ಎಲ್ಲ ನೆಲದೊಳಗೇ ಹರಿದು ಹೋಗುತ್ತದೆ, ನೋಡಿಕೊಳ್ಳಲು ಏನೂ ಇಲ್ಲವೆಂದು ಬೇಜಾರು ಮಾಡಿಕೊಂಡಿದ್ದಾರಂತೆ. ಇದನ್ನು ಓದಿದರೆ ಓದಲಿ. ಈ ವಯಸ್ಸಿನಲ್ಲಿ ನಕಾಶೆ ತಿರುಗಿ ಕೇಳಲಾರರು.

ಮಾಬೂಬಿಯ ಮನೆಯ ಮುಂದೆ ಈಗ ರಾಜಾರೋಷವಾಗಿ ಬೋರ್ಡು ಇದೆ. ರೊಟ್ಟಿ ತರಲು ಸವಿತಾ ಹೋಗುತ್ತಾಳೆ. ಆ ದಿನದ ನಂತರ ನಾನು ಆ ಅಡಿಗೆ ಮನೆಗೆ ಕಾಲಿಟ್ಟಿರಲಿಲ್ಲ. ಎಲ್ಲರ ಮುಂದೆ ನನ್ನ ತಪ್ಪು ಎಂದಿದ್ದೆ, ಅವಳ ಮುಂದೆ ಅಂದಿರಲಿಲ್ಲ. ಅದು ಹೇಗೆ ಹೇಳಬೇಕೋ ಮೂರನೇ ಇಯತ್ತೆಯವರೆಗೆ ಕಲಿಸಿರಲಿಲ್ಲ.

ಇವತ್ತು ಬೆಳಗ್ಗೆ ತೊಳೆದು ಒಣಗಿಸಿದ ಬುಟ್ಟಿಯ ತಳಕ್ಕೆ ನಕಾಶೆ ತಿರುಗಿ ಹಾಸಿದೆ. ಅತ್ತ ಮಾಬೂಬಿಯ ಮನೆಯಲ್ಲಿ ಪಟಪಟ ಶುರುವಾಯಿತು. ಹಳೆಯ ಚಟ, ಏಳು ರೊಟ್ಟಿಯವರೆಗೆ ಎಣಿಸಿದೆ. ಎಂಟಕ್ಕೆ ಬುಟ್ಟಿ ಎತ್ತಿಕೊಂಡು ನಾನೇ ಹೊರಟೆ.

ಒಲೆಯ ಮುಂದಿನಿಂದ ಅವಳು ತಲೆ ಎತ್ತಿ ನೋಡಿದಳು. ಬುಟ್ಟಿ ನೋಡಿದಳು, ತಳದ ಹಸಿರು ಚೌಕ ನೋಡಿದಳು. ತುಟಿಯ ಮೂಲೆ ಅಲ್ಲಾಡಿತು.

"ಎಷ್ಟು ಹಾಕಲಿ ಅಕ್ಕಾ?"

"ನೀನ ಎಣಿಸಿ ಹಾಕವ್ವಾ," ಎಂದೆ. "ನನ್ನ ಎಣಿಕಿ ಹಣೇಬಾರ ನಿನಗ ಗೊತ್ತೈತಿ."