ತೊಂಬತ್ತೊಂದು ಕೊಳಗ ಜೋಳ

ಬಂಡಿಯ ಅಚ್ಚು ಮುರಿಯಬಹುದಿತ್ತು. ಎತ್ತು ಕುಂಟಬಹುದಿತ್ತು, ಬಾಡಿಗೆಯ ಎತ್ತು, ಅದರ ಮನಸ್ಸು ನಮಗೇನು ಗೊತ್ತು. ಅಕಾಲದ ಮಳೆಗೆ ಜೋಳ ನೆನೆಯಬಹುದಿತ್ತು. ಇಲಿ ಚೀಲ ಕಡಿದಿರಬಹುದಿತ್ತು. ಸಾವುಕಾರ ಮನೆಯಲ್ಲಿ ಇಲ್ಲದಿರಬಹುದಿತ್ತು, ಇದ್ದೂ ಇಲ್ಲವೆನ್ನಿಸಬಹುದಿತ್ತು. ಕಾಳು ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ ‘ಲಾಭ’ ಎನ್ನುವುದು ನಮ್ಮ ಕಡೆಯ ರೂಢಿ. ಆ ಲಾಭ ತನ್ನದೆಂದು ಪಕ್ಕಕ್ಕಿಟ್ಟು ಅವನು ಎಣಿಕೆಯನ್ನು ಹೊಸದಾಗಿ ಶುರು ಮಾಡಬಹುದಿತ್ತು. ಇದಾವುದೂ ಆಗದಿದ್ದರೂ ಜೋಳ ಕಮ್ಮಿ ಬೀಳುವುದಂತೂ ಖಚಿತವಾಗಿತ್ತು. ಏಕೆಂದರೆ ಅದನ್ನು ಅಳೆದವನು ನಾನೇ.

ಇದನ್ನು ಬರೆಯಲು ಇಪ್ಪತ್ತೈದು ವರ್ಷ ತಡ ಮಾಡಿದ್ದೇನೆ. ಓದಿದವರು ನಗುತ್ತಾರೆಂಬ ಚಿಂತೆ ಒಂದು, ನಂಬಿಬಿಡುತ್ತಾರೆಂಬ ಚಿಂತೆ ಇನ್ನೊಂದು. ನಾನು ಹುಟ್ಟಿನಿಂದ ಕ್ರೈಸ್ತ, ಆದರೆ ಪವಾಡಗಳನ್ನು ನಂಬಿದವನಲ್ಲ. ಪಾದ್ರಿಗಳು ಹೇಳುವ ಕಥೆಗಳಲ್ಲಿ ಹಿಟ್ಟಿನ ಮಡಿಕೆ, ಎಣ್ಣೆಯ ಕುಡಿಕೆ ಬರಿದಾಗುತ್ತಿರಲಿಲ್ಲ. ರಾಮಸಮುದ್ರದ ನಮ್ಮ ಮನೆಯಲ್ಲಿ ಎರಡೂ ಗುರುವಾರಕ್ಕೇ ಬರಿದಾಗುತ್ತಿದ್ದವು.

ನಿಜಾಮನ ಆಳ್ವಿಕೆ ಹೋಗಿ ಎರಡೋ ಮೂರೋ ವರ್ಷವಾಗಿತ್ತು. ಯಾದಗಿರಿಯ ಕಚೇರಿಯ ಮೇಲೆ ಬಾವುಟ ಬದಲಾಗಿತ್ತು. ನನ್ನ ಅಣ್ಣ ಶಾಂತಪ್ಪ ಮಾತ್ರ ಅದೇ ಊರಿನ ಸಾವುಕಾರನ ಕೊಟ್ಟಿಗೆಯಲ್ಲಿದ್ದ. ಅಪ್ಪ ಬಿಟ್ಟುಹೋದ ಸಾಲಕ್ಕೆ ಏಳು ವರ್ಷದಿಂದ ಜೀತ. ದುಡಿತವೆಲ್ಲ ಬಡ್ಡಿಗೆ ಹೋಗುತ್ತಿತ್ತು, ಅಸಲು ಇದ್ದಲ್ಲೇ ಇರುತ್ತಿತ್ತು. ಪ್ರತಿ ಯುಗಾದಿಗೆ ಉರ್ದುವಿನ ಹೊಸ ಕಾಗದಕ್ಕೆ ಅವನು ಹೆಬ್ಬೆಟ್ಟು ಒತ್ತುತ್ತಿದ್ದ. ಅದರಲ್ಲಿ ಏನು ಬರೆದಿದೆಯೆಂದು ಅವನಿಗೂ ತಿಳಿಯದು, ನಾಲ್ಕಕ್ಷರ ಕನ್ನಡ ಕಲಿತ ನನಗೂ ತಿಳಿಯದು.

ಆ ವರ್ಷ ಧೈರ್ಯ ಮಾಡಿ ಸಾವುಕಾರನನ್ನು ಕೇಳಿದೆ. ನಿಜಾಮನ ‘ಹಾಲಿ’ ಎಂಬ ನಾಣ್ಯ ಹೋಗಿ ಹಿಂದೂಸ್ತಾನದ ಕಲ್ದಾರ ರೂಪಾಯಿ ಬರುತ್ತಿದ್ದ ಕಾಲ. ಅವನು ಅಡಕೆ ಕತ್ತರಿಸುತ್ತ ಹೇಳಿದ, “ಹಾಲಿ ಹೊಂಟದ, ಕಲ್ದಾರ ಇನ್ನಾ ಪೂರಾ ಬಂದಿಲ್ಲ. ಯಾವ ರೊಕ್ಕ ನಂಬಲೋ ನಾನು? ಯುಗಾದಿ ಒಳಗ ನೂರು ಕೊಳಗ ಜೋಳ ಹಾಕು, ನಿಮ್ಮಣ್ಣನ್ನ ಕರಕೊಂಡು ಹೋಗು. ಒಂದು ಕಮ್ಮಿ ಬಿತ್ತೋ, ಮತ್ತೊಂದು ವರ್ಷ.”

ಬೀಸುವ ಕಲ್ಲಿನ ಮುಂದೆ ಕೂಡುವ ಮುಂಚೆ ಒಂದು ಹಿಡಿ ಜೋಳವನ್ನು ಬೇರೆ ಗಡಿಗೆಗೆ ಹಾಕುವುದು ನಮ್ಮ ಸಭೆಯ ಹೆಂಗಸರ ಪದ್ಧತಿ. ಅದು ದೇವರ ಹಿಡಿ. ಪಾದ್ರಿಯ ಊಟ, ದೀಪದ ಎಣ್ಣೆ ಎಲ್ಲ ಅದರಲ್ಲೇ ನಡೆಯಬೇಕು. ಮನೆ ಮನೆಗೆ ಹೋಗಿ ಅದನ್ನು ಕೂಡಿಸಿ ತರುತ್ತಿದ್ದವಳು ರೂತವ್ವ ಎಂಬ ವಿಧವೆ. ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವಳು ಎದ್ದು ನಿಂತು, “ಈ ವರ್ಷದ ಹಿಡಿ ಶಾಂತಪ್ಪಗ ಹೋಗ್ಲಿ. ಪಾದ್ರಿಯವ್ರು ದಿನಾ ಒಬ್ಬೊಬ್ಬರ ಮನ್ಯಾಗ ಉಣ್ಲಿ,” ಎಂದಳು. ಪಾದ್ರಿ ತಲೆಯಾಡಿಸಿದರು, ಎಲ್ಲರೂ ತಮ್ಮನ್ನೇ ನೋಡುತ್ತಿರುವಾಗ ಇನ್ನೇನು ಮಾಡಿಯಾರು. ಹತ್ತಿಕುಣಿಯ ನಾಲ್ಕಾರು ಕ್ರೈಸ್ತ ಮನೆಗಳವರೂ ತಮ್ಮ ಗಡಿಗೆ ತಂದು ಸುರಿದರು.

ಯುಗಾದಿಯ ಹಿಂದಿನ ದಿನ ಬೆಳಗ್ಗೆ ಎಲ್ಲವನ್ನೂ ಅಳೆದೆ. ತೊಂಬತ್ತೊಂದು ಕೊಳಗ. ಮತ್ತೆ ಅಳೆದೆ, ತೊಂಬತ್ತೊಂದು. ಮೂರನೆಯ ಸಲ ತೊಂಬತ್ತು ಬಂದದ್ದರಿಂದ ನಿಲ್ಲಿಸಿದೆ. ಅದೂ ನಮ್ಮ ಕೊಳಗದಲ್ಲಿ. ಸಾವುಕಾರನ ಕೊಳಗದ ಹೊಟ್ಟೆ ದೊಡ್ಡದೆಂದು ಊರಿಗೆಲ್ಲ ಗೊತ್ತಿತ್ತು. ಅದರಲ್ಲಿ ಎಂಬತ್ತೈದು ದಾಟಿದರೆ ಹೆಚ್ಚು. ಹೋಗುವುದೇ ಬೇಡ, ಅವಮಾನವಾದರೂ ತಪ್ಪುತ್ತದೆ ಎಂದೆ.

“ನಿನ್ನ ಚಿಂತಿ ಅಳದ್ರ ನೂರು ತುಂಬತದೋ ಮಗನ,” ಎಂದಳು ರೂತವ್ವ. “ಬಂಡಿ ಹೂಡು.”

ಸಾವುಕಾರನ ಅಂಗಳ ಮುಟ್ಟಿದಾಗ ಮಟಮಟ ಮಧ್ಯಾಹ್ನ. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಗೋಡೆಯ ಬದಿಗೆ ಜೋಳ ಸುರಿದೆವು. ಆ ಮನೆಯಲ್ಲಿ ಅಳೆಯುವ ಕೆಲಸ ಅಣ್ಣನದೇ. ಅವನು ನಮ್ಮ ಮುಖವನ್ನೂ ನೋಡದೆ ಕೊಳಗ ಹಿಡಿದು ಕುಳಿತು “ಲಾಭ” ಎಂದ. ಪುಣ್ಯಕ್ಕೆ ಸಾವುಕಾರ ಅದಕ್ಕೂ ಎಣಿಕೆಯ ಒಂದು ಹುಣಸೆ ಬೀಜ ಇಟ್ಟ. ರೂತವ್ವ ಬಾಗಿಲ ಬಳಿ ಸೆರಗು ಹೊದ್ದು ಕುಳಿತು ತುಟಿ ಆಡಿಸುತ್ತಿದ್ದಳು. ನನ್ನ ಕಣ್ಣು ಗೋಡೆಯ ಮೇಲಿತ್ತು. ರಾಶಿ ಇಳಿದಂತೆ ಹಿಂದಿನ ಕೆಮ್ಮಣ್ಣಿನ ಪಟ್ಟಿ ಕಾಣಬೇಕು. ಎಪ್ಪತ್ತಾಯಿತು, ಕಾಣಲಿಲ್ಲ. ಎಂಬತ್ತೈದಾಯಿತು, ಕಾಣಲಿಲ್ಲ. ತೊಂಬತ್ತೊಂದು ಎಂದು ಅಣ್ಣ ಅಂದ. ಅವನ ದನಿಯಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. ನೂರು ಎಂದು ಕೊಳಗ ಬೋರಲು ಹಾಕಿದ. ಗೋಡೆಯ ಬುಡದಲ್ಲಿ ಇನ್ನೂ ಒಂದು ಮೊರದಷ್ಟು ಉಳಿದಿತ್ತು.

ಅಣ್ಣ ಮೋಸ ಮಾಡಿದನೆಂದು ನನಗೇ ಅನ್ನಿಸಿತು. ಸಾವುಕಾರನಿಗೆ ಅನ್ನಿಸದಿರುತ್ತದೆಯೇ. ಅವನು ಧೋತರ ಎತ್ತಿ ಕಟ್ಟಿ, ತಾನೇ ಕುಳಿತು, ಮೊದಲಿನಿಂದ ಅಳೆದ. ಮೈಯೆಲ್ಲ ಬೆವರು. ನೂರು, ಮೇಲೆ ಒಂದು ಮೊರ. ಕೊಳಗ ತಿರುವಿ ತಳ ನೋಡಿದ. ಕಾಳನ್ನು ಮೂಸಿ ನೋಡಿದ. ಒಳಗೆ ಹೋಗಿ ಕಾಗದ ತಂದು ನನ್ನ ಮುಂದೆ ಹರಿದು, ಅಣ್ಣನಿಗೆ, “ನಾಳಿಂದ ಬರಬ್ಯಾಡ,” ಎಂದ.

ಅಣ್ಣ ಕೊಟ್ಟಿಗೆಯ ಕಡೆ ತಿರುಗಿ, “ಎತ್ತಿಗಿ ನೀರು ಯಾರು ಇಡ್ತಾರ್ರಿ?” ಎಂದು ಕೇಳಿದ.

ಮುಂದೆ ಎಲ್ಲ ಸರಿಹೋಯಿತೆಂದು ಬರೆಯುವ ಆಸೆ ನನಗೂ ಇದೆ. ಯುಗಾದಿಯ ದಿನ ಬೆಳಗಾಗುವ ಮುಂಚೆಯೇ ಅಣ್ಣ ಎದ್ದು ಯಾದಗಿರಿಯ ದಾರಿ ಹಿಡಿದಿದ್ದ. ಅರ್ಧ ದಾರಿಯಿಂದ ಕರೆತಂದೆ. ಆಮೇಲೂ ಎಷ್ಟೋ ಸಲ ಕರೆತಂದೆ. ಎರಡು ವರ್ಷಕ್ಕೆ ಅವನ ಎದೆ ಕೆಟ್ಟಿತು. ಔಷಧಿಗೆಂದು ಅದೇ ಸಾವುಕಾರನಿಂದ, ಈ ಸಲ ಕಲ್ದಾರದಲ್ಲಿ, ಸಾಲ ತಂದೆ. ಅಣ್ಣ ಉಳಿಯಲಿಲ್ಲ, ಸಾಲ ಉಳಿಯಿತು. ಆಗ ಯಾವ ರಾಶಿಯೂ ಬೆಳೆಯಲಿಲ್ಲ. ನಮಗೆ ಒಂದೇ ಸಲ ಯಾಕೆ, ಅಷ್ಟೇ ಯಾಕೆ ಎಂದು ರೂತವ್ವನನ್ನು ಕೇಳಿದ್ದೆ. “ನನಗೇನು ಗೊತ್ತೋ, ನಾ ಕಾಳು ಕೂಡಿಸಾಕಿ,” ಎಂದಳು.

ಆ ದಿನ ಬೆಳಗ್ಗೆ ನಾನು ತಪ್ಪು ಅಳೆದಿರಬೇಕು ಎಂದುಕೊಂಡು ಸಮಾಧಾನ ಪಡಲು ನೋಡಿದ್ದೇನೆ. ಚಿಂತೆ ಮಾಡುವವನು ಎಲ್ಲದರಲ್ಲೂ ತಪ್ಪುತ್ತಾನೆ, ಎಣಿಕೆಯಲ್ಲಿ ಮಾತ್ರ ತಪ್ಪುವುದಿಲ್ಲ. ಅಲ್ಲದೆ ಇನ್ನೊಂದಿದೆ.

ಆ ಮಧ್ಯಾಹ್ನ ಮರಳಿ ಹೊರಟಾಗ ಅಣ್ಣ ಬಂಡಿಯಲ್ಲಿ ಕುಳಿತು ಖಾಲಿ ಚೀಲ ಮಡಚುತ್ತಿದ್ದ. ಒಂದು ಚೀಲದ ಮೂಲೆಯಿಂದ ಅವನ ಮುಷ್ಟಿಯೇ ಹೊರಗೆ ಬಂತು. “ತಮ್ಮಾ, ಇದನ್ನ ಇಲಿ ಕಡದದಲ್ಲೋ,” ಎಂದ. ಬರುವಾಗ ನಾನು ಎತ್ತಿನ ಮುಂದೆ ನಡೆದಿದ್ದೆ, ಹಿಂದೆ ನೋಡಿರಲಿಲ್ಲ. ಈಗ ನೋಡಿದೆ. ರಾಮಸಮುದ್ರದವರೆಗೂ ದಾರಿಯ ನಡುವೆ ಸಾಲಾಗಿ ಗುಬ್ಬಿಗಳು ಕುಳಿತು ಜೋಳ ತಿನ್ನುತ್ತಿದ್ದವು.